ಹದಿಮೂರು ಗಂಟೆ ಹತ್ತು ನಿಮಿಷದ ದಾರಿ

"ಈ ಪೆಟ್ಟಿಗೆ ಮೆಷಿನ್ ಒಳಗೆ ಹೋಗೋ ಹಾಗಿಲ್ಲಪ್ಪಾ," ಎಂದು ಪೋಸ್ಟಮ್ಮ ಆ ಪರದೇಶದ ವಿಮಾನ ನಿಲ್ದಾಣದಲ್ಲಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಮೂರನೆಯ ಸಲ ಹೇಳಿದಳು. ತಪಾಸಣೆಯ ಅಧಿಕಾರಿಯೂ ಮೂರನೆಯ ಸಲ, ಓಡುತ್ತಿದ್ದ ರಬ್ಬರ್ ಪಟ್ಟಿಯ ಕಡೆ ಬೆರಳು ತೋರಿಸಿ ಇಲ್ಲಿಡಿ ಎಂದ. ಬೆಲ್ಟು, ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದು ನಿಂತವರ ಸಾಲು ಅವಳ ಬೆನ್ನ ಹಿಂದೆ ಬೆಳೆಯುತ್ತಿತ್ತು.

ಪೆಟ್ಟಿಗೆ ನೀಲಿ ಬಣ್ಣದ್ದು. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ಎತ್ತರ, ಹೆಗಲಿಗೆ ಹಾಕಿಕೊಳ್ಳಲು ಅಗಲವಾದ ಪಟ್ಟಿ, ಮುಚ್ಚಳದ ಮೇಲೆ ಪುಟ್ಟದೊಂದು ಪರದೆ. ಪರದೆಯಲ್ಲಿ ನಾಲ್ಕೂವರೆ ಡಿಗ್ರಿ ಎಂದು ತೋರಿಸುತ್ತಿತ್ತು. ಅವಳು ಕೈಚೀಲದಿಂದ ಆಸ್ಪತ್ರೆಯ ಪತ್ರ ತೆಗೆದುಕೊಟ್ಟಳು.

"ಒಳಗೇನಿದೆ?" ಎಂದ ಅಧಿಕಾರಿ.

"ಒಬ್ಬರ ಮೂಳೆಯೊಳಗಿಂದ ತೆಗೆದ ಮಜ್ಜೆ. ಇನ್ನೊಬ್ಬರಿಗೆ ಸೇರಬೇಕು. ನಿಮ್ಮ ಮೆಷಿನ್ನಿನ ಕಿರಣ ತಗಲಿದ್ರೆ ಕೆಟ್ಟುಹೋಗತ್ತೆ."

"ಯಾರಿಗೆ ಸೇರಬೇಕು?"

"ನಂಗೊತ್ತಿಲ್ಲ. ಗೊತ್ತಾಗಲೂಬಾರದು. ಅದೇ ಕಾನೂನು."

ಅವನು ಪತ್ರವನ್ನು ಸಾಲುಸಾಲಾಗಿ ಓದಿದ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದ, ಪೆಟ್ಟಿಗೆಯ ಹೊರಮೈಯನ್ನು ಬಿಳಿಬಟ್ಟೆಯಿಂದ ಒರೆಸಿ ನೋಡಿದ. ಕೊನೆಗೆ ಎರಡೂ ಕೈಯಿಂದ ಎತ್ತಿ, ತುಂಬಿದ ಪಾತ್ರೆ ಕೊಡುವವನ ಹಾಗೆ ಅವಳ ಕೈಗೆ ಕೊಟ್ಟ. "ಹುಷಾರಾಗಿ ಹೋಗಿಬನ್ನಿ, ಅಮ್ಮ," ಎಂದ. ಅಲ್ಲಿಗೆ ಅವಳ ಸಿಟ್ಟೆಲ್ಲ ಇಳಿದುಹೋಯಿತು.

ಪೋಸ್ಟಮ್ಮ ಅವಳ ಹೆಸರಲ್ಲ. ಮೂವತ್ತಮೂರು ವರ್ಷ ಟಪಾಲು ಚೀಲ ಹೊತ್ತು ಮನೆಮನೆ ತಿರುಗಿದವಳಿಗೆ ಬೀದಿಯವರು ಇಟ್ಟ ಹೆಸರು. ಈಗ ಗಂಡನೂ ಹಾಗೇ ಕರೆಯುತ್ತಾರೆ. ನಿವೃತ್ತಿಯಾದ ಮೂರು ತಿಂಗಳಿಗೇ, ಕಾಲಿಗೆ ಕೆಲಸವಿಲ್ಲದೆ ಮನೆಯ ಗೋಡೆಗಳೆಲ್ಲ ಹತ್ತಿರಕ್ಕೆ ಬಂದಂತೆ ಅನ್ನಿಸತೊಡಗಿತ್ತು. ಆಗಲೇ ಆಸ್ಪತ್ರೆಯೊಂದರ ಗೋಡೆಯ ಮೇಲೆ ಆ ಚೀಟಿ ಕಂಡದ್ದು: ದಾನಿಗಳ ಮಜ್ಜೆಯನ್ನು ದೂರದ ಊರುಗಳಿಂದ ಕೈಯಲ್ಲೇ ಹಿಡಿದು ತರಲು ಸ್ವಯಂಸೇವಕರು ಬೇಕು. ಸಂಬಳವಿಲ್ಲ, ಟಿಕೆಟ್ಟು ಅವರದು. ಪೆಟ್ಟಿಗೆ ಒಂದು ಗಳಿಗೆಯೂ ಕೈಬಿಡಬಾರದು, ದಾರಿಯಲ್ಲಿ ಕಣ್ಣು ಮುಚ್ಚಬಾರದು. "ಇದು ನನ್ನದೇ ಕೆಲಸ," ಎಂದು ಮನೆಗೆ ಬಂದು ಹೇಳಿದಳು.

"ಅರವತ್ತಾದ್ಮೇಲೆ ವಿಮಾನ ಹತ್ತೋ ಹುಚ್ಚು," ಎಂದಿದ್ದರು ಮೇಷ್ಟ್ರು.

ಮೇಷ್ಟ್ರು ಎಂದರೆ ಅವಳ ಗಂಡ. ಮೂವತ್ತೈದು ವರ್ಷ ಭೂಗೋಳ ಹೇಳಿದವರು. ಯಾವ ಸಮುದ್ರಕ್ಕೆ ಯಾವ ನದಿ, ಯಾವ ಪರ್ವತದ ಬೆನ್ನಿಗೆ ಯಾವ ಮರುಭೂಮಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವರು. ಆದರೆ ಕಣ್ಣಾರೆ ಕಂಡದ್ದು ಊರ ಸುತ್ತಲಿನ ನಾಲ್ಕು ಬೀದಿ ಮಾತ್ರ. ಯಾವ ವಾಹನ ಹತ್ತಿದರೂ ಹತ್ತು ನಿಮಿಷದೊಳಗೆ ಹೊಟ್ಟೆ ತೊಳಸಿ ಬಾಯಿಗೆ ಬರುತ್ತಿತ್ತು. ಮದುವೆಗೆ ಅವರ ಕಡೆಯವರೆಲ್ಲ ಬಸ್ಸಿನಲ್ಲಿ ಬಂದಿಳಿದರೆ, ಮದುಮಗ ಬೆಳಗ್ಗೆಯೇ ಎದ್ದು ಹದಿನಾಲ್ಕು ಕಿಲೋಮೀಟರ್ ನಡೆದು ಬಂದಿದ್ದರು. ಹೆಣ್ಣಿನ ಕಡೆಯವರು, ಹುಡುಗ ಬೆವರಿಳಿಸಿಕೊಂಡು ಒಬ್ಬನೇ ಬಂದದ್ದು ಕಂಡು, ಓಡಿಹೋಗಲು ನೋಡಿ ಸಿಕ್ಕಿಬಿದ್ದಿರಬೇಕು ಅಂದುಕೊಂಡಿದ್ದರಂತೆ.

ಅವಳು ಹೊರಡುವ ಮುನ್ನ ಪ್ರತಿಸಲವೂ ಮೇಷ್ಟ್ರು ಮೇಜಿನ ಮೇಲೆ ಗ್ಲೋಬು ಇಟ್ಟು, ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಹೊಲಿಗೆ ದಾರ ಎಳೆದು, ಅದನ್ನು ಅಡಿಕೋಲಿನ ಮೇಲೆ ಅಳೆಯುತ್ತಿದ್ದರು. ಈ ಸಲದ ಚೀಟಿ ಅವಳ ಕೈಚೀಲದಲ್ಲೇ ಇತ್ತು. ದೂರ ಒಂಬತ್ತು ಸಾವಿರದ ಆರುನೂರ ನಲವತ್ತು ಕಿಲೋಮೀಟರ್. ಹೋಗಲು ಹನ್ನೊಂದು ಗಂಟೆ ಐವತ್ತು ನಿಮಿಷ. ಬರಲು ಹದಿಮೂರು ಗಂಟೆ ಹತ್ತು ನಿಮಿಷ.

"ಹೋಗೋವಾಗ ಹತ್ತಿರ, ಬರೋವಾಗ ದೂರ. ಅದ್ಯಾವ ಸೀಮೆ ಲೆಕ್ಕ ರೀ?" ಎಂದು ಕೇಳಿದ್ದಳು.

"ದೂರ ಎರಡೂ ಕಡೆಗೂ ಅಷ್ಟೇ ಕಣೇ. ಮೇಲೆ ಗಾಳಿ ನದಿ ಥರ ಹರೀತಿರತ್ತೆ. ಹೋಗೋವಾಗ ಅದು ನಿನ್ನ ತಳ್ಳತ್ತೆ, ಬರೋವಾಗ ನೀನು ಅದನ್ನ ತಳ್ಳಬೇಕು."

"ಮನೆಗೆ ಬರೋಕೆ ಅಷ್ಟೊಂದು ತಳ್ಳಾಟ."

"ಬಾ ಅಂತ ಯಾರು ಕರೆದ್ರು?" ಎಂದು ಮೇಷ್ಟ್ರು ದಾರ ಸುತ್ತಿ ಡಬ್ಬಿಗೆ ಹಾಕಿದ್ದರು.

ಇದು ಅವಳ ಆರನೆಯ ಪ್ರಯಾಣ. ಹಿಂದಿನ ಐದೂ ಹೂವೆತ್ತಿದಂತೆ ಆಗಿದ್ದವು. ಈ ಸಲ ಮಾತ್ರ ಮಜ್ಜೆ ಕೈಗೆ ಬಂದ ದಿನವೇ ಬಿರುಗಾಳಿಯೆದ್ದು ವಿಮಾನಗಳೆಲ್ಲ ನಿಂತುಹೋದವು. ಪೆಟ್ಟಿಗೆಯ ತಂಪುಗಟ್ಟಿಗಳನ್ನು ಆಸ್ಪತ್ರೆಯವರು ಬದಲಿಸಿಕೊಟ್ಟರು ನಿಜ, ಆದರೆ ಕಾಲವನ್ನು ಬದಲಿಸಿಕೊಡುವವರು ಯಾರು? ದೇಹದಿಂದ ತೆಗೆದ ಮೇಲೆ ಎಪ್ಪತ್ತೆರಡು ಗಂಟೆ ಎಂಬುದು ಲೆಕ್ಕ. "ಎಪ್ಪತ್ತೆರಡು ಅನ್ನೋದು ಗೋಡೆ. ಗೋಡೆಗೆ ಮೂಗು ತಾಗೋವರೆಗೂ ಕಾಯಬೇಡಿ," ಎಂದು ತರಬೇತಿಯ ಡಾಕ್ಟರು ಹೇಳಿದ್ದರು. ವಿಮಾನ ಹೊರಡುವಾಗಲೇ ನಲವತ್ತೊಂದು ಮುಗಿದಿದ್ದವು.

ಹದಿಮೂರು ಗಂಟೆಯೂ ಅವಳು ಪೆಟ್ಟಿಗೆಯ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಕೂತಿದ್ದಳು. ಅಕ್ಕಪಕ್ಕದವರು ಬಾಯಿ ತೆರೆದು ಮಲಗಿದ್ದರು. ಮುಂದಿನ ಪರದೆಯಲ್ಲಿ ಪುಟ್ಟ ವಿಮಾನ ಬಾಗಿದ ಗೆರೆಯ ಮೇಲೆ ಇರುವೆಯ ಹಾಗೆ ಹರಿಯುತ್ತಿತ್ತು. ಉಳಿದ ದೂರ ಏಳು ಸಾವಿರ, ಆರು ಸಾವಿರ, ನಾಲ್ಕು. ಆ ಕೊನೆಯಲ್ಲಿ, ಬಾಗಿಲು ಮುಚ್ಚಿದ ಒಂದು ಕೋಣೆಯಲ್ಲಿ ಯಾರೋ ಇದ್ದಾರೆ. ಔಷಧಿ ಕೊಟ್ಟು ಅವರ ಹಳೆಯ ಮಜ್ಜೆಯನ್ನು ಆಗಲೇ ಪೂರ್ತಿ ಬರಿದು ಮಾಡಿದ್ದಾರೆ. ಇದು ಸೇರದಿದ್ದರೆ ಅವರಿಗೆ ಹಿಂದಿರುಗುವ ದಾರಿಯಿಲ್ಲ. ದೊಡ್ಡವರೋ, ಮಗುವೋ? ಹೆಣ್ಣೋ, ಗಂಡೋ? ಅವಳು ಆ ಯೋಚನೆ ಬಂದಾಗಲೆಲ್ಲ ಎದ್ದು, ಪೆಟ್ಟಿಗೆ ಸಮೇತ ನಡುದಾರಿಯಲ್ಲಿ ನಾಲ್ಕು ಹೆಜ್ಜೆ ಓಡಾಡಿ ಬಂದು ಕೂರುತ್ತಿದ್ದಳು.

ಬೆಳಗ್ಗೆ ಏಳರ ಹೊತ್ತಿಗೆ ಪೈಲಟ್ಟನ ದನಿ ಕೇಳಿತು. ಇಳಿಯಬೇಕಾದ ತಮ್ಮೂರಿಗೆ ದಟ್ಟ ಮಂಜು ಕವಿದಿದೆ, ವಿಮಾನ ಮುನ್ನೂರ ಹತ್ತು ಕಿಲೋಮೀಟರ್ ದೂರದ ಇನ್ನೊಂದು ನಿಲ್ದಾಣದಲ್ಲಿ ಇಳಿಯುತ್ತದೆ. ಇಳಿದ ಮೇಲೆ ಗೊತ್ತಾದದ್ದು ಇನ್ನೂ ಒಂದು: ಪೈಲಟ್ಟರ ಕೆಲಸದ ಅವಧಿ ಮುಗಿದಿದೆ, ಬೇರೆಯವರು ಬರುವವರೆಗೆ ವಿಮಾನ ಏಳುವುದಿಲ್ಲ. ಅದು ಮಧ್ಯಾಹ್ನವೂ ಆಗಬಹುದು, ಸಂಜೆಯೂ ಆಗಬಹುದು.

ಅವಳು ಮೊದಲು ತನ್ನನ್ನು ಕಳಿಸಿದ್ದ ದಾನಿಗಳ ನೋಂದಣಿ ಕಚೇರಿಗೆ ಫೋನು ಮಾಡಿದಳು. ಅವರು ಆಸ್ಪತ್ರೆಯವರನ್ನು ಕೇಳಿ ಹೇಳುತ್ತೇವೆ ಎಂದರು. ಆಮೇಲೆ ಮೇಷ್ಟ್ರಿಗೆ ಮಾಡಿದಳು.

"ರೈಲು ಹಿಡಿ," ಎಂದರು ಮೇಷ್ಟ್ರು, ಅವಳ ಮಾತು ಮುಗಿಯುವ ಮೊದಲೇ. "ಎಂಟು ನಲವತ್ತಕ್ಕೆ ಒಂದಿದೆ. ನಾಲ್ಕೂವರೆ ಗಂಟೆ. ಹೊರಗಡೆ ಬಂದು ಎಡಕ್ಕೆ ತಿರುಗು, ಸ್ಟೇಷನ್ನು ಎರಡು ಕಿಲೋಮೀಟರೂ ಇಲ್ಲ."

"ನೀವು ಯಾವಾಗ ಬಂದಿದ್ರಿ ಇಲ್ಲಿಗೆ?"

"ನಕ್ಷೆ ಇರೋದ್ಯಾಕೆ? ಮಾತಾಡ್ತಾ ನಿಂತ್ಕೋಬೇಡ, ನಡಿ."

ಕಚೇರಿಯವರೂ ರೈಲೇ ಸರಿ ಎಂದರು. ಎಂಟು ನಲವತ್ತರ ಗಾಡಿ ಸಿಕ್ಕಿತು. ಕೂರಲು ಜಾಗವೂ ಸಿಕ್ಕಿತು. ಪರದೆಯ ಮೇಲೆ ಐದು ಡಿಗ್ರಿ. ಕಿಟಕಿಯ ಹೊರಗೆ ಮಂಜು ನಿಧಾನವಾಗಿ ಕರಗಿ ಗದ್ದೆಗಳು, ತಂತಿಕಂಬಗಳು ಕಾಣತೊಡಗಿದವು. ಇನ್ನೇನು ಮುಕ್ಕಾಲು ದಾರಿ ಮುಗಿಯಿತು ಎನ್ನುವಾಗ ಗಾಡಿ ಒಂದು ಜಂಕ್ಷನ್ನಿನಲ್ಲಿ ನಿಂತಿತು. ಹತ್ತು ನಿಮಿಷ ಕಳೆದರೂ ಕದಲಲಿಲ್ಲ. ಮುಂದೆ ಗೂಡ್ಸ್ ಗಾಡಿಯ ಎರಡು ಡಬ್ಬಿ ಹಳಿ ತಪ್ಪಿವೆ, ಸಂಜೆಯವರೆಗೆ ದಾರಿ ಇಲ್ಲ ಎಂದು ಗಾರ್ಡು ಹೇಳುತ್ತಾ ಬಂದ.

ಅವಳು ಗಡಿಯಾರ ನೋಡಿದಳು: ಹನ್ನೊಂದು ಐವತ್ತು. ಮೇಷ್ಟ್ರಿಗೆ ಫೋನು ಹಚ್ಚಿದಳು. "ರೀ, ಗಾಡಿ ನಿಂತ್ಹೋಗಿದೆ. ಮುಂದಕ್ಕೆ ಹೋಗಲ್ವಂತೆ," ಎಂದು ಜಂಕ್ಷನ್ನಿನ ಹೆಸರನ್ನು ಎರಡು ಸಲ ಒತ್ತಿ ಹೇಳಿದಳು. ಆ ಕಡೆಯಿಂದ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಕಿವಿಯಿಂದ ತೆಗೆದು ನೋಡಿದರೆ ಫೋನಿನ ಮುಖ ಕಪ್ಪಾಗಿತ್ತು. ನಿನ್ನೆಯಿಂದ ಮಾತಾಡಿ ಮಾತಾಡಿ ಚಾರ್ಜು ಮುಗಿದುಹೋಗಿತ್ತು.

ಗಾಡಿಯಿಂದ ಇಳಿದ ಆರುನೂರು ಜನ ಒಂದೇ ಬಾಗಿಲಿನಿಂದ ನುಗ್ಗಿದರು. ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಗೆ ಬರುವಷ್ಟರಲ್ಲಿ ಸ್ಟೇಷನ್ನಿನ ಮುಂದಿದ್ದ ಟ್ಯಾಕ್ಸಿಗಳು, ಆಟೋಗಳು ಒಂದೂ ಉಳಿಯದೆ ಹೋಗಿದ್ದವು. ಸ್ಟೇಷನ್ ಮಾಸ್ತರರ ಕೋಣೆಯ ಮುಂದೆ ಐವತ್ತು ಜನ ಕೂಗಾಡುತ್ತಿದ್ದರು. ಅಲ್ಲಿಂದ ಊರಿಗೆ ಎಂಬತ್ತೈದು ಕಿಲೋಮೀಟರ್. ಪರದೆಯ ಮೇಲೆ ಆರು ಡಿಗ್ರಿ. ಎಂಟು ದಾಟಬಾರದು.

ಎದುರಿನ ಅಂಗಡಿಯ ಮುಂದೆ ಸಿಮೆಂಟು ತುಂಬಿದ ಲಾರಿಯೊಂದು ನಿಂತಿತ್ತು. ಚಾಲಕ ಚಹಾ ಕುಡಿದು ಲೋಟ ಇಡುತ್ತಿದ್ದ. ಅವಳು ಹೋಗಿ ಕೇಳಿದಳು.

"ಬನ್ನಿ ತಾಯಿ, ಕರ್ಕೊಂಡು ಹೋಗ್ತೀನಿ," ಎಂದ ಅವನು. "ಆದ್ರೆ ದಾರೀಲಿ ಎರಡು ಕಡೆ ಮೂಟೆ ಇಳಿಸ್ಬೇಕು. ಊರು ಮುಟ್ಟೋದು ಏಳೋ ಎಂಟೋ ಆಗುತ್ತೆ."

ಎಂಟು ಗಂಟೆ ಎಂದರೆ ಅರವತ್ತೆಂಟು. ಗೋಡೆ ಇನ್ನೂ ನಾಲ್ಕು ಗಂಟೆ ಆಚೆಗಿರುತ್ತದೆ. ಅವಳು ಒಂದು ಕಾಲು ಮೇಲಿಟ್ಟು ಬಾಗಿಲೊಳಗೆ ಇಣುಕಿದಳು. ಇಂಜಿನ್ನಿನ ಶಾಖ ಒಲೆಯ ಬಾಯಿಯಂತೆ ಮುಖಕ್ಕೆ ಹೊಡೆಯಿತು. ಏಳು ಗಂಟೆ ಕಾಲ ಈ ಬಿಸಿಯಲ್ಲಿ ಪೆಟ್ಟಿಗೆ ತಾಳುವುದೇ?

ತಾಳದಿದ್ದರೆ ಬೇರೆ ದಾರಿಯಾದರೂ ಯಾವುದು? ಮೇಷ್ಟ್ರು ಕೇಳಿಸಿಕೊಂಡಿದ್ದರೆ ಯಾರನ್ನಾದರೂ ಕಳಿಸಿಯೇ ಕಳಿಸುತ್ತಾರೆ. ಕೇಳಿಸಿಕೊಂಡಿದ್ದರೆ! ಹತ್ತು ಮಾತಾಡಿದರೆ ಒಂದನ್ನೂ ಕಿವಿಗೆ ಹಾಕಿಕೊಳ್ಳದ ಮನುಷ್ಯ. ಒಲೆಯ ಮೇಲೆ ಹಾಲಿಟ್ಟಿದ್ದೀನಿ ನೋಡಿಕೊಳ್ಳಿ ಎಂದರೆ, ಹಾಲು ಉಕ್ಕಿ ಹರಿದು ಒಲೆ ಆರಿದ ಮೇಲೆ "ಏನೋ ಅಂದೆಯಲ್ಲ?" ಎಂದು ಕೇಳುವ ಗಂಡ. ನಲವತ್ತೊಂದು ವರ್ಷ ಇದೇ ಜಗಳ. ಅಂಥವರ ಕಿವಿಯನ್ನು ನಂಬಿ ಇಲ್ಲಿ ನಿಲ್ಲುವುದೇ?

"ಹತ್ತಿ ತಾಯಿ, ಹೊತ್ತಾಯ್ತು," ಎಂದ ಚಾಲಕ.

ಅವಳು ಕಾಲು ಕೆಳಗಿಳಿಸಿದಳು. "ನೀವು ಹೋಗ್ಬನ್ನಿಪ್ಪಾ," ಎಂದಳು. "ನಮ್ಮನೆಯವರು ಯಾರನ್ನಾದ್ರೂ ಕಳಿಸ್ತಾರೆ." ಬಾಯಿಂದ ಬಂದ ಮಾತಿನ ಧೈರ್ಯ ಎದೆಯಲ್ಲಿರಲಿಲ್ಲ. ಲಾರಿ ಧೂಳೆಬ್ಬಿಸಿ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತು, ಆಮೇಲೆ ಸ್ಟೇಷನ್ನಿನ ಕಲ್ಲುಗೋಡೆಯ ನೆರಳಿಗೆ ಹೋಗಿ ಕೂತಳು. ಅಂಗಡಿಯವಳ ಹತ್ತಿರ ಹಳೆಯ ಬಟ್ಟೆ ಕೇಳಿ ಒದ್ದೆ ಮಾಡಿ ಪೆಟ್ಟಿಗೆಯ ಸುತ್ತ ಹೊದಿಸಿದಳು. ಆ ಅಂಗಡಿಯವಳ ಫೋನಿನಿಂದ ಮನೆಗೆ ಮಾಡಿದರೆ ಗಂಟೆ ಬಾರಿಸಿತೇ ಹೊರತು ಯಾರೂ ಎತ್ತಲಿಲ್ಲ. ಕಚೇರಿಯ ನಂಬರು ಸತ್ತ ಫೋನಿನ ಹೊಟ್ಟೆಯಲ್ಲಿತ್ತು, ಚಾರ್ಜು ಹಾಕಲು ಅಂಗಡಿಯಲ್ಲಿ ಕರೆಂಟಿರಲಿಲ್ಲ. ಆರೂವರೆ ಡಿಗ್ರಿ. ಒಂದು ಗಂಟೆ. ಏಳು ಡಿಗ್ರಿ. ಒಂದೂವರೆ. ಲಾರಿಯನ್ನು ಬಿಟ್ಟು ತಪ್ಪು ಮಾಡಿದೆನೆಂದು ಅವಳಿಗೆ ಖಾತ್ರಿಯಾಗತೊಡಗಿತು. ಮೂವತ್ತಮೂರು ವರ್ಷದಲ್ಲಿ ಒಂದು ಕಾಗದ ಕಳೆದವಳಲ್ಲ.

ಒಂದೂ ಮುಕ್ಕಾಲಿಗೆ, ನೆತ್ತಿಯ ಮೇಲೆ ಕೆಂಪಕ್ಷರದ ದೊಡ್ಡ ಹಲಗೆ ಹೊತ್ತ ಬಿಳಿಯ ಕಾರೊಂದು ಸ್ಟೇಷನ್ನಿನ ಅಂಗಳಕ್ಕೆ ನುಗ್ಗಿ ಬಂತು. ಚಾಲನೆ ಕಲಿಸುವ ಶಾಲೆಯ ಕಾರು. ಅದನ್ನು ಓಡಿಸುತ್ತಿದ್ದವಳು ಅವರ ಕೆಳಗಿನ ಮನೆಯ ಡ್ರೈವಿಂಗ್ ಟೀಚರು. ಅವಳ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಪ್ಲಾಸ್ಟಿಕ್ ಬಕೆಟ್ಟು ಇಟ್ಟುಕೊಂಡು, ಕಣ್ಣು ಮುಚ್ಚಿ ಒರಗಿದ್ದರು ಮೇಷ್ಟ್ರು. ಮುಖ ಎಳೆ ಸೌತೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಅಯ್ಯೋ! ನೀವ್ಯಾಕೆ ಬಂದ್ರಿ!" ಎಂದು ಪೋಸ್ಟಮ್ಮ ಕಾರಿನ ಕಿಟಕಿಗೆ ಜೋತುಬಿದ್ದಳು.

ಮೇಷ್ಟ್ರು ಒಂದು ಕಣ್ಣು ತೆರೆದರು. "ಎಷ್ಟಿದೆ?" ಎಂದರು.

"ಏಳು ಪಾಯಿಂಟ್ ಎರಡು."

"ಹಿಂದೆ ಹತ್ಕೋ. ತಂಪುಗಾಳಿ ಎಲ್ಲಾ ಹಿಂದಿನ ಸೀಟಿಗೇ ತಿರುಗಿಸಿಟ್ಟಿದೀವಿ," ಎಂದು ಹೇಳಿ ಮತ್ತೆ ಬಕೆಟ್ಟಿಗೆ ಬಗ್ಗಿದರು.

ಕಾರು ಹೊರಟ ಮೇಲೆ ಡ್ರೈವಿಂಗ್ ಟೀಚರು ಕನ್ನಡಿಯಲ್ಲಿ ನೋಡಿ ನಕ್ಕಳು. "ನಾನೊಬ್ಳೇ ಹೋಗ್ಬರ್ತೀನಿ ಅಂದೆ ಅಕ್ಕಾ. ಕೇಳಿದ್ರೆ ತಾನೆ! 'ನಿಂಗೆ ಕಾಲುವೆ ಪಕ್ಕದ ರಸ್ತೆ ಗೊತ್ತಿಲ್ಲ, ಒಂಬತ್ತು ಕಿಲೋಮೀಟರ್ ಉಳಿಯತ್ತೆ' ಅಂದ್ರು. ಅವರೇನು ಯಾವತ್ತಾದ್ರೂ ಈ ಕಡೆ ಬಂದಿದಾರಾ? ಆದ್ರೂ ರಸ್ತೆ ಅವರು ಹೇಳಿದಲ್ಲೇ ಇತ್ತು ನೋಡಿ. ಐದು ಸಲ ನಿಲ್ಲಿಸ್ದೆ. ಆರನೇ ಸಲ, ನಿಲ್ಲಿಸ್ಬೇಡ ಬಕೆಟ್ ಇದೆ ಅಂದ್ರು. ಏಳನೇ ಕ್ಲಾಸಲ್ಲಿ ನನ್ನನ್ನ ಭೂಗೋಳದಲ್ಲಿ ಫೇಲ್ ಮಾಡಿದ್ರಲ್ಲ, ಇವತ್ತು ಸರಿಹೋಯ್ತು."

"ನೀನು ಮರುಭೂಮೀಲಿ ಭತ್ತ ಬೆಳೆಸಿದ್ದೆ," ಎಂದರು ಮೇಷ್ಟ್ರು ಬಕೆಟ್ಟಿನೊಳಗಿಂದ.

ಪೋಸ್ಟಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಸದ್ಯ, ನಾನು ಹೇಳಿದ್ದು ಕಿವಿಗೆ ಬಿತ್ತಲ್ಲ ನಿಮ್ಗೆ. ಇಡೀ ಜನ್ಮದಲ್ಲಿ ಒಂದು ಸಲ," ಎಂದಳು.

"ಏನು ಹೇಳಿದ್ದೆ?"

"ಸ್ಟೇಷನ್ ಹೆಸರು. ಎರಡೆರಡು ಸಲ ಹೇಳಿದ್ನಲ್ಲ."

"ಹೆಸರೆಲ್ಲಿ ಹೇಳಿದೆ? 'ರೀ, ಗಾಡಿ ನಿಂತ್' ಅಂದೆ. ಕಟ್ಟಾಯ್ತು."

ಅವಳು ಮುಂದಕ್ಕೆ ಬಗ್ಗಿದಳು. "ಮತ್ತೆ ಇಲ್ಲಿಗೆ ಹೇಗೆ ಬಂದ್ರಿ?"

ಮೇಷ್ಟ್ರು ಬೆರಳಿನ ತುದಿಯಿಂದ ಬಾಯಿ ಒರೆಸಿಕೊಂಡರು. ಪಾಠ ಹೇಳುವಾಗಿನ ದನಿ ಬಂತು. "ಎಂಟು ನಲವತ್ತಕ್ಕೆ ಹೊರಟ ಗಾಡಿ. ಹನ್ನೊಂದು ಐವತ್ತಕ್ಕೆ ಫೋನ್ ಬಂತು. ಮೂರು ಗಂಟೆ ಹತ್ತು ನಿಮಿಷ. ಆ ಗಾಡಿ ಗಂಟೆಗೆ ಎಪ್ಪತ್ತು, ಎಪ್ಪತ್ತೆರಡು ಓಡತ್ತೆ. ನಿಂತಿದ್ದು ನೋಡಿ, ಒಂದೈದು ಹತ್ತು ನಿಮಿಷ ಕಾದೇ ನೀನು ಫೋನ್ ಮಾಡಿರ್ತೀಯ. ಅದನ್ನ ಕಳೆದ್ರೆ ಇನ್ನೆಲ್ಲಿರ್ತೀಯ? ಇಲ್ಲೇ ಇರ್ಬೇಕು."

ಡ್ರೈವಿಂಗ್ ಟೀಚರು ಗೇರು ಬದಲಿಸಿದಳು. ಪೋಸ್ಟಮ್ಮ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಮುಂದೆ ಚಾಚಿ ಗಂಡನ ಹಣೆಗೆ ಒತ್ತಿ ಹಿಡಿದುಕೊಂಡಳು. ಹಣೆ ಬೆವರಿ ತಣ್ಣಗಿತ್ತು. ಕಾಲುವೆಯ ದಾರಿ ಅಂಕುಡೊಂಕಾಗಿತ್ತು. ತಿರುವು ಬಂದಾಗಲೆಲ್ಲ ಮೇಷ್ಟ್ರು ನರಳುತ್ತಿದ್ದರು, ಅವಳು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು. ಪರದೆಯ ಮೇಲಿನ ಅಂಕಿ ಏಳೂವರೆಗೆ ಬಂದು ಅಲ್ಲೇ ನಿಂತಿತು.

ಆಸ್ಪತ್ರೆ ತಲುಪಿದಾಗ ನಾಲ್ಕಕ್ಕೆ ಎಂಟು ನಿಮಿಷ ಇತ್ತು. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಹಸಿರು ಟೋಪಿಯ ಹೆಂಗಸು ಅವಳಿಗಾಗಿಯೇ ಬಾಗಿಲಲ್ಲಿ ಕಾಯುತ್ತಿದ್ದಳು. ಪೆಟ್ಟಿಗೆಯ ಬೀಗಮುದ್ರೆ ನೋಡಿದಳು, ಡಿಗ್ರಿ ನೋಡಿದಳು, ಚೀಲದ ಮೇಲಿನ ಅಂಕಿಯನ್ನು ಕಾಗದದ ಅಂಕಿಯ ಜೊತೆ ಒಂದೊಂದಾಗಿ ಗಟ್ಟಿಯಾಗಿ ಓದಿ ಹೋಲಿಸಿದಳು.

"ಎಲ್ಲ ಸರಿಯಾಗಿದೆ," ಎಂದಳು. "ಇನ್ನೊಂದು ಗಂಟೇಲಿ ಏರಿಸ್ತಾರೆ. ಮೇಲೆ ಎಲ್ಲರೂ ಕಾಯ್ತಿದಾರೆ."

ಪೋಸ್ಟಮ್ಮ ಸಹಿ ಹಾಕಿದಳು. ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು, ಮಣಿಕಟ್ಟಿನಿಂದ ಪಟ್ಟಿ ಬಿಚ್ಚಿಕೊಟ್ಟಳು. ಹೆಂಗಸು ಪೆಟ್ಟಿಗೆಯೊಂದಿಗೆ ಒಳಬಾಗಿಲು ದಾಟಿದಳು. ಹಗುರವಾದ ಕೈಯನ್ನು ಏನು ಮಾಡಬೇಕೆಂದು ತೋಚದೆ ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

ಹೊರಗೆ, ಆಸ್ಪತ್ರೆಯ ಅಂಗಳದಲ್ಲಿ ಡ್ರೈವಿಂಗ್ ಟೀಚರಿಗೆ ಐದು ಗಂಟೆಯ ಪಾಠಕ್ಕೆ ಹೊತ್ತಾಗಿತ್ತು. ಮನೆಯವರೆಗೆ ಬಿಡುತ್ತೇನೆಂದು ಅವಳು ಎಷ್ಟು ಹೇಳಿದರೂ ಮೇಷ್ಟ್ರು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. "ನಾವು ನಡ್ಕೊಂಡೇ ಬರ್ತೀವಮ್ಮ. ನೀನು ನೂರು ವರ್ಷ ಚೆನ್ನಾಗಿರು," ಎಂದು ಕೈಮುಗಿದರು. ಬಕೆಟ್ಟನ್ನು ನಲ್ಲಿಯಲ್ಲಿ ತಾವೇ ತೊಳೆದುಕೊಟ್ಟರು.

ಪೋಸ್ಟಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೂತ ಮೇಲೆಯೇ ಕಾಲಿನ ನೋವು ಗೊತ್ತಾದದ್ದು. ಪಾದಗಳೆರಡೂ ಊದಿ ಶೂಗಳೊಳಗೆ ಬಿಗಿದುಕೊಂಡಿದ್ದವು. ಬಗ್ಗಿ ಬಿಚ್ಚಲು ಹೋದರೆ ಸೊಂಟ ಒಪ್ಪಲಿಲ್ಲ.

ಮೇಷ್ಟ್ರು ಅತ್ತಿತ್ತ ನೋಡಲಿಲ್ಲ. ಅವಳ ಮುಂದೆ, ಕೆಳಗಿನ ಮೆಟ್ಟಿಲ ಮೇಲೆ ಮಂಡಿಯೂರಿ ಕೂತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಲೇಸು ಬಿಚ್ಚತೊಡಗಿದರು. ಗಂಟು ಬಿಗಿದಿತ್ತು.

"ಬಿಡ್ರೀ. ಜನ ನೋಡ್ತಾರೆ."

"ನೋಡ್ಲಿ. ಕಾಲು ಆಡಿಸ್ಬೇಡ." ಗಂಟಿನಿಂದ ಕಣ್ಣೆತ್ತದೆ ಕೇಳಿದರು: "ಮೇಲಿಂದ ಏನಾದ್ರೂ ಕಾಣಿಸ್ತಾ?"

"ಬೆಳಗಾಗೋವಾಗ ಒಂದು ದೊಡ್ಡ ನದಿ ಸಮುದ್ರಕ್ಕೆ ಸೇರೋದು ಕಾಣಿಸ್ತು," ಎಂದಳು ಅವಳು. "ಒಂದೇ ಬಾಯಲ್ಲ ರೀ ಅದಕ್ಕೆ. ಏಳೋ ಎಂಟೋ ಆಗಿ ಒಡ್ಕೊಂಡು, ಮರದ ಬೇರು ಹರಡಿದ ಹಾಗೆ. ನೀರು ಕೆಂಪು. ಸಮುದ್ರಕ್ಕೆ ಹೋದ ಮೇಲೂ ಅದೇ ಬಣ್ಣ, ಎಷ್ಟೋ ದೂರದವರೆಗೆ ಬೆರೆಯೋದೇ ಇಲ್ಲ."

ಮೇಷ್ಟ್ರ ಕೈಗೆ ಶೂ ಬಿಚ್ಚಿ ಬಂದಿತ್ತು. ಅದನ್ನು ಕೆಳಗಿಡದೆ ಹಾಗೇ ಹಿಡಿದುಕೊಂಡು, "ಆಮೇಲೆ?" ಎಂದರು. ಮೆಟ್ಟಿಲು ಹತ್ತುವವರು, ಇಳಿಯುವವರು ಇಬ್ಬರನ್ನೂ ಸುತ್ತಿ ಬಳಸಿ ಹೋಗುತ್ತಿದ್ದರು.